ಟ್ರಂಕಿನ ಮೇಲೆ ಉಪ್ಪುನೀರು

ಹಡಗಿನಲ್ಲಿ ಕೆಲಸ ಮಾಡುವ ನನ್ನ ಮೈದುನ ಒಂದು ಸಲ ರಜೆ ಮುಗಿಸಿ ಹೊರಡುವಾಗ ನನ್ನ ಕೈಗೊಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಸಿಂಗಾಪುರದಲ್ಲಿ ಕೊಂಡ ಫೆಂಗ್‌ಶುಯಿ ಪುಸ್ತಕ, ಟೊಳ್ಳು ಕೊಳವೆಗಳ ಗಾಳಿಗಂಟೆ ಮತ್ತು ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ದಿಕ್ಸೂಚಿ. “ಟೈಂಪಾಸಿಗೆ ಇಟ್ಕೊಳ್ಳಿ ಅತ್ತಿಗೆ” ಎಂದ. ಟೈಂಪಾಸಿಗಂತೆ! ನಾನು ಯಾವುದನ್ನೂ ಟೈಂಪಾಸಿಗೆ ಹಿಡಿದವಳೇ ಅಲ್ಲ. ಹೊಲಿಗೆ ಕಲಿತ ವರ್ಷ ಟೀವಿಗೆ, ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆಲ್ಲ ಅಂಗಿ ಹೊಲಿದು ತೊಡಿಸಿದವಳು ನಾನು. ಮೈದುನನ ರಿಕ್ಷಾ ಗೇಟು ದಾಟುವ ಮೊದಲೇ ಪುಸ್ತಕದ ಮೊದಲ ಅಧ್ಯಾಯ ಮುಗಿಸಿದ್ದೆ.

ಎರಡು ಸಾವಿರನೇ ಇಸವಿಯ ಈಚಿನ ಆ ವರ್ಷಗಳಲ್ಲಿ ಕಾರವಾರಕ್ಕೂ ಫೆಂಗ್‌ಶುಯಿಯ ಗಾಳಿ ಬೀಸಿತ್ತು. ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಬಳೆ, ರಿಬ್ಬನ್ನುಗಳ ಪಕ್ಕದಲ್ಲಿ ನಗುವ ಬುದ್ಧ ಹೊಟ್ಟೆ ಬಿಟ್ಟುಕೊಂಡು ಕೂತಿದ್ದ. ನಮ್ಮ ಕೆಳಗಿನ ಮನೆಯವರು ಬಾಗಿಲ ಹತ್ತಿರ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ಇಟ್ಟಿದ್ದರು. “ನಾಲ್ಕನೇ ಕಾಲು ಯಾರ ಮನೆಯಲ್ಲಿದೆ ಅಂತ ವಿಚಾರಿಸು” ಎಂದು ನನ್ನ ಗಂಡ ದಿನಾ ಬ್ಯಾಂಕಿಗೆ ಹೊರಡುವಾಗ ಕೆಣಕುತ್ತಿದ್ದರು. ನನಗೆ ಕಪ್ಪೆಯೂ ಬೇಕಿರಲಿಲ್ಲ, ಕಪ್ಪೆ ತರುವ ಸಂಪತ್ತೂ ಬೇಕಿರಲಿಲ್ಲ. ನನಗೆ ಬೇಕಾದದ್ದು ಒಂದೇ. ನನ್ನ ಅಮ್ಮ ನಮ್ಮ ಮನೆಯಲ್ಲಿ ಉಳಿಯಬೇಕಿತ್ತು.

ಅಮ್ಮ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೂ ಕೋಡಿಬಾಗದ ಬಾಡಿಗೆ ಮನೆಯಲ್ಲಿ ಒಬ್ಬಳೇ ಗಟ್ಟಿಮುಟ್ಟಾಗಿ ಇದ್ದಳು. ಆ ಮನೆ ಕೆಡವಿ ಹೊಸದು ಕಟ್ಟಿಸುವುದಾಗಿ ಮಾಲೀಕರು ಹೇಳಿದಾಗ ನಾನು ಹಟ ಹಿಡಿದು ಅವಳನ್ನು ಹಬ್ಬುವಾಡದ ನಮ್ಮ ಫ್ಲ್ಯಾಟಿಗೆ ಕರೆತಂದೆ. ಅವಳ ಜೊತೆಗೆ ಅವಳ ಕಬ್ಬಿಣದ ಟ್ರಂಕೂ ಬಂತು. ಇಬ್ಬರು ಸೇರಿ ಎತ್ತಬೇಕಾದಂಥ ಹಸಿರು ಬಣ್ಣದ ಹಳೇ ಟ್ರಂಕು. ಅದನ್ನು ಒಳಕೋಣೆಗೆ ಒಯ್ಯಲು ಹೊರಟರೆ ಅಮ್ಮ ಹಾಲ್‌ನಲ್ಲೇ ತಡೆದಳು. “ಇಲ್ಲೇ ಗೋಡೆಗೆ ತಾಗಿಸಿ ಇಡಿ. ನಾಲ್ಕು ದಿನದ ಮಾತಿಗೆ ಒಳಗೆ ಯಾಕೆ? ರೂಮು ಸಿಕ್ಕಿದ ಕೂಡಲೇ ಹೊರಡೂದೇ.”

ಟ್ರಂಕು ಅಲ್ಲೇ ಕೂತಿತು. ಬೆಳಗಾದರೆ ಅಮ್ಮ ಸೊಂಟದ ಕೀಲಿ ತೆಗೆದು ಅಂದಿನ ಸೀರೆ ಎತ್ತಿಕೊಂಡು ಮತ್ತೆ ಬೀಗ ಹಾಕುವಳು. ಒಗೆದ ಸೀರೆ ಒಣಗಿದ ಮೇಲೆ ಅದಕ್ಕೇ ವಾಪಸ್ಸು. ಫ್ಯಾನು ಹಾಕಲಾ ಎಂದು ಕೇಳಿ ಹಾಕುತ್ತಿದ್ದಳು. ಉಂಡ ತಟ್ಟೆಯನ್ನು ನಾನು ಏಳುವುದರೊಳಗೆ ತೊಳೆದು ಕವುಚಿ ಇಡುತ್ತಿದ್ದಳು. ಮಗಳ ಮನೆ ಎಂದರೆ ಅವಳ ಪಾಲಿಗೆ ಬಸ್ ಸ್ಟ್ಯಾಂಡಿನ ಬೆಂಚಿನ ಹಾಗೆ. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನನ್ನ ಅತ್ತೆ ಮೊದಲಿಂದಲೂ ನಮ್ಮ ಜೊತೆಗೇ ಇದ್ದವರು. ಅಂಕೋಲೆಯ ರೈತರ ಮನೆಯವರು, ದೊಡ್ಡ ದನಿ, ದೊಡ್ಡ ನಗು. ಅಮ್ಮ ಬಂದ ದಿನ ಅವರು ಬಾಗಿಲಲ್ಲೇ ಕೈ ಹಿಡಿದು “ಬನ್ನಿ ಅಕ್ಕೋರೆ, ನಂಗೂ ಮಾತಿಗೊಂದು ಜೊತೆ ಆಯ್ತು” ಎಂದರು. ಮನಸ್ಸಿನಿಂದಲೇ ಅಂದದ್ದು. ಆದರೆ ಅಕ್ಕೋರ ಎದುರು ಅವರ ದನಿ ಅರ್ಧಕ್ಕೆ ಇಳಿಯಿತು. ಬೀಗರ ಎದುರು ಅಮ್ಮನ ದನಿ ಕಾಲು ಭಾಗಕ್ಕೆ ಇಳಿಯಿತು. ಮನೆಯಲ್ಲಿ ಜಗಳವಿರಲಿಲ್ಲ. ಜಗಳ ಇದ್ದಿದ್ದರೆ ನಾನು ಹೇಗಾದರೂ ಸುಧಾರಿಸುತ್ತಿದ್ದೆ. ಇದ್ದದ್ದು ಮರ್ಯಾದೆ, ಅದೂ ಉಸಿರುಗಟ್ಟುವಷ್ಟು.

ಮೀನು ಸಾರಿನ ವಿಷಯವನ್ನೇ ನೋಡಿ. ಅಮ್ಮನದು ಕೊಂಕಣಿ ಕೈ, ಹುಳಿಗೆ ಮುರುಗಲು ಸಿಪ್ಪೆ ಹಾಕಿ ಮಾಡುವವಳು. ಅತ್ತೆ ವಾಟೆಹುಳಿ ಹಾಕಿ ಮಾಡುವವರು. ನಾನು ಬೇರೆ ಕೆಲಸ ಮುಗಿಸಿ ಅಡುಗೆಮನೆಗೆ ಬರುವಷ್ಟರಲ್ಲಿ ಇಬ್ಬರೂ ಒಲೆಯ ಎದುರು ನಿಂತಿರುತ್ತಿದ್ದರು. ಅಮ್ಮ ಕೊಂಕಣಿ ರೂಢಿಯಲ್ಲಿ ಅತ್ತೆಯನ್ನು ಗೌರವದಿಂದ ‘ಬಾಯಿ’ ಎನ್ನುತ್ತಿದ್ದಳು.

“ನೀವೇ ಉಪ್ಪು ಹಾಕಿ ಅಕ್ಕೋರೆ.”

“ಛೆ ಛೆ, ನೀವು ಹಾಕಿ ಬಾಯಿ. ಮನೆ ನಿಮ್ಮದು.”

“ನೀವು ದೊಡ್ಡೋರು, ನೀವೇ ಹಾಕ್ಬೇಕು.”

ಕೊನೆಗೆ ಯಾರೂ ಹಾಕುತ್ತಿರಲಿಲ್ಲ. ಇಲ್ಲವೇ ಒಬ್ಬರು ಅತ್ತ ತಿರುಗಿದಾಗ ಇನ್ನೊಬ್ಬರು ಗುಟ್ಟಾಗಿ ಹಾಕಿ, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ತಾಜಾ ಬಂಗಡೆ, ಒಳ್ಳೆಯ ಮಸಾಲೆ, ಆದರೆ ಬಾಯಿಗಿಟ್ಟರೆ ಒಂದು ದಿನ ಸಪ್ಪೆ, ಇನ್ನೊಂದು ದಿನ ಕಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ “ಚಲೋ ಆಗಿದೆ, ಚಲೋ ಆಗಿದೆ” ಎಂದು ಉಣ್ಣುತ್ತಿದ್ದರು. ನನ್ನ ಗಂಡ ಉಪ್ಪಿನಕಾಯಿ ಬಾಟಲಿಯನ್ನು ತಮ್ಮ ತಟ್ಟೆಯ ಪಕ್ಕಕ್ಕೇ ತಂದಿಟ್ಟುಕೊಂಡರು.

ಹೀಗಿರುವಾಗ ಆ ಪುಸ್ತಕ ಮನೆಯ ಸಮತೋಲನ, ಸಮತೋಲನ ಎಂದು ಪುಟಪುಟದಲ್ಲೂ ಹೇಳುತ್ತಿದ್ದರೆ ನಾನು ಸುಮ್ಮನಿರಲು ಆದೀತೇ? ನಮ್ಮ ಮನೆಯ ಗಾಳಿ ಎಲ್ಲೋ ಕಟ್ಟಿಕೊಂಡಿದೆ, ಅದನ್ನು ಹರಿಯಲು ಬಿಟ್ಟರೆ ಇಬ್ಬರ ಮನಸ್ಸೂ ಸಡಿಲವಾಗುತ್ತದೆ, ಅಮ್ಮ ಉಳಿಯುತ್ತಾಳೆ. ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಮನೆಯ ನಡುಮಧ್ಯೆ ಸಮತಟ್ಟಾದ ಜಾಗದಲ್ಲಿ ದಿಕ್ಸೂಚಿ ಇಡಬೇಕು ಎಂದು ಬರೆದಿತ್ತು. ನಡುಮಧ್ಯೆ ಅಲ್ಲದಿದ್ದರೂ ನಮ್ಮ ಹಾಲ್‌ನಲ್ಲಿ ಸಾಮಾನಿಲ್ಲದೆ ಸಮತಟ್ಟಾಗಿದ್ದದ್ದು ಅಮ್ಮನ ಟ್ರಂಕಿನ ಮುಚ್ಚಳ ಒಂದೇ. ಅದರ ಮೇಲೆ ದಿಕ್ಸೂಚಿ ಇಟ್ಟೆ. ಸೂಜಿ ಗಡಗಡ ನಡುಗಿ ನಿಂತಿತು.

ಸೂಜಿ ತೋರಿಸಿದ ದಿಕ್ಕು ನೋಡಿ ಅತ್ತೆಗೆ ಸಮಾಧಾನವಾಗಲಿಲ್ಲ. ಬಾಲ್ಕನಿಯ ಕಡೆ ಕೈ ತೋರಿಸಿ “ಅಲ್ಲ ಮಗಾ, ಸಮುದ್ರ ಅಲ್ಲಿ ಕಾಣ್ತದೆ. ಹಂಗಾದ್ರೆ ಪಶ್ಚಿಮ ಆ ಬದಿಗೆ ಅಲ್ವಾ?” ಎಂದರು. ನಾನು ಬಿಡುತ್ತೇನೆಯೇ? ಕಾರವಾರದ ದಂಡೆ ಬಾಗಿದೆ, ಸಮುದ್ರ ಕಂಡ ಕಡೆಯೆಲ್ಲ ಪಶ್ಚಿಮ ಆಗುವುದಿಲ್ಲ, ಚಳಿಗಾಲದಲ್ಲಿ ಸೂರ್ಯ ಕೂಡ ತೆಂಕಕ್ಕೆ ವಾಲಿ ಮುಳುಗುತ್ತಾನೆ ಎಂದು ಭಾಷಣ ಮಾಡಿದೆ. “ಚೀನಾದ ಪಶ್ಚಿಮ ಬೇರೆ ಇರಬಹುದು ಬಿಡಮ್ಮ” ಎಂದು ನನ್ನ ಗಂಡ ಪೇಪರಿನ ಹಿಂದಿನಿಂದ ಹೇಳಿದರು. ಅಮ್ಮ ಮಾತ್ರ ಬೇರೆಯವರ ಮನೆಯ ದಿಕ್ಕುಗಳ ವಿಷಯದಲ್ಲಿ ಬಾಯಿ ಹಾಕಬಾರದು ಎಂಬ ಮುಖ ಮಾಡಿ ಕೂತಿದ್ದಳು.

ಆ ವಾರ ಮನೆಯೆಲ್ಲ ಒಂದು ಸುತ್ತು ತಿರುಗಿತು. ಮಂಚದ ತಲೆಗಡೆ ಕಾಲುಗಡೆಯಾಯಿತು. ಬಾಗಿಲಿಗೆ ಎದುರಾಗಿದ್ದ ಕನ್ನಡಿ ಬಚ್ಚಲಿನ ಗೋಡೆ ಸೇರಿತು. ಗಾಳಿಗಂಟೆಯನ್ನು ಬಾಲ್ಕನಿಗೆ ತೂಗಿಹಾಕಿದೆ. ಮೆಲ್ಲಗೆ ಆಗೊಮ್ಮೆ ಈಗೊಮ್ಮೆ ಕಿಣಿಕಿಣಿ ಎನ್ನುವ ಗಂಟೆ ಎಂದು ಪುಸ್ತಕದಲ್ಲಿತ್ತು. ಆ ಪುಸ್ತಕ ಬರೆದವರಿಗೆ ಕಾರವಾರದ ಮಧ್ಯಾಹ್ನದ ಸಮುದ್ರಗಾಳಿ ಗೊತ್ತಿರಲಿಲ್ಲ. ಊಟ ಮುಗಿಯುತ್ತಿದ್ದಂತೆ ಶುರುವಾದ ಗದ್ದಲ ದೀಪ ಹಚ್ಚುವ ತನಕ ನಿಲ್ಲಲಿಲ್ಲ. ನಿದ್ದೆ ಹತ್ತಿದ್ದ ಅಮ್ಮ ಧಡಕ್ಕನೆ ಎದ್ದು ಕೂತು “ಯಾವ ಪಿರಿಯಡ್ಡು?” ಎಂದು ಕೇಳಿದಳು. ಇಡೀ ಜನ್ಮ ಶಾಲೆಯ ಗಂಟೆಗೆ ಎದ್ದವಳು, ಪಾಪ. ಮರುದಿನ ನೋಡಿದರೆ ಅತ್ತೆ ಕೊಳವೆಗಳನ್ನೆಲ್ಲ ಒಟ್ಟು ಮಾಡಿ ಹೂ ಕಟ್ಟುವ ಬಾಳೆನಾರಿನಿಂದ ಬಿಗಿದುಬಿಟ್ಟಿದ್ದರು.

ನಾನು ಸೋಲಲಿಲ್ಲ. ಪುಸ್ತಕದಲ್ಲಿ ಇನ್ನೂ ದೊಡ್ಡ ಉಪಾಯವಿತ್ತು. ಮನೆಯ ಆಗ್ನೇಯದಲ್ಲಿ ಗಾಜಿನ ತೊಟ್ಟಿಯಲ್ಲಿ ಒಂಬತ್ತು ಮೀನು ಸಾಕಬೇಕು, ಎಂಟು ಕೆಂಪು, ಒಂದು ಕಪ್ಪು. ಮನೆಗೆ ಬರುವ ಕೆಟ್ಟದ್ದನ್ನೆಲ್ಲ ಮೀನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದಂತೆ. ದಿಕ್ಸೂಚಿಯ ಲೆಕ್ಕದಲ್ಲಿ ಆಗ್ನೇಯ ಸರಿಯಾಗಿ ಅಮ್ಮನ ಟ್ರಂಕು ಇದ್ದ ಗೋಡೆಗೆ ಬೀಳುತ್ತಿತ್ತು. ಅದು ಆಮೇಲಿನ ಮಾತು, ಮೊದಲು ತೊಟ್ಟಿ ಬೇಕಲ್ಲ. ನನ್ನ ಗಂಡನ ಬ್ಯಾಂಕಿನಲ್ಲಿ ವರ್ಗವಾಗಿ ಹೊರಟಿದ್ದ ಒಬ್ಬರು ತಮ್ಮ ಹಳೆಯ ತೊಟ್ಟಿಯನ್ನು ನಮಗೆ ಕೊಟ್ಟರು. ಗೋವಾಕ್ಕೆ ಹೋಗಿ ಬಣ್ಣದ ಮೀನು ಕೊಂಡು ತರುತ್ತೇನೆ ಎಂದಾಗ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

“ತಿನ್ನೂಕೆ ಆಗದ ಮೀನಿಗೆ ದುಡ್ಡು ಕೊಡೂದಾ? ನಮ್ಮ ಕಡೆ ಯಾರಾದ್ರೂ ಕೇಳಿದ್ರೆ ನಗ್ತ್ರು ಮಾರಾಯ್ತಿ. ನನ್ನ ತಮ್ಮನ ಗಜನಿಲಿ ಬೇಕಾದಷ್ಟು ಮೀನದೆ, ಜೀವಂತ ಹಿಡ್ದು ಕೊಡ್ತೆ ಬಾ.”

“ಅತ್ತೆ, ಎಂಟು ಕೆಂಪು ಇರಬೇಕಂತೆ.”

“ಸಾರಿಗೆ ಹಾಕಿದ್ರೆ ಎಲ್ಲಾ ಕೆಂಪೇ.”

ಗಜನಿ ಎಂದರೆ ಹೊಳೆ ಸಮುದ್ರಕ್ಕೆ ಸೇರುವ ಕಡೆಯ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಭತ್ತ. ಕೊಯ್ಲಾದ ಮೇಲೆ ಒಡ್ಡಿನ ಮರದ ಬಾಗಿಲು ಎತ್ತಿ ಉಪ್ಪುನೀರು ಒಳಗೆ ಬಿಡುತ್ತಾರೆ, ನೀರಿನ ಜೊತೆ ಮೀನೂ ಬರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಮತ್ತು ನಾನು ಎರಡು ಕೊಡ ಹಿಡಿದುಕೊಂಡು ಅಂಕೋಲೆ ಬಸ್ಸು ಹತ್ತಿದೆವು. ಅಮ್ಮನನ್ನು ಕರೆದರೆ ಬರಲಿಲ್ಲ. ಪೇಟೆಯ ಹತ್ತಿರ ಒಂದು ರೂಮು ಇದೆಯಂತೆ, ಹಳೆಯ ಗೆಳತಿಯ ಜೊತೆ ನೋಡಿ ಬರುತ್ತೇನೆ ಎಂದಳು. ಬಸ್ಸಿನ ಕಿಟಕಿಯಲ್ಲಿ ಸಮುದ್ರ ಕಂಡು ಮರೆಯಾಗಿ ಮತ್ತೆ ಕಾಣುತ್ತಿದ್ದರೂ ನನ್ನ ಕಣ್ಣಿಗೆ ಕಟ್ಟಿದ್ದು ಅಮ್ಮನ ಸೊಂಟದ ಆ ಕೀಲಿಯೇ. ಒಂಬತ್ತು ಮೀನು ಸಿಗುವವರೆಗೆ ಆ ರೂಮು ಅಮ್ಮನಿಗೆ ಸೇರದಿರಲಿ ದೇವರೇ ಎಂದು ಬೇಡಿಕೊಂಡೆ.

ನಾವು ಮುಟ್ಟಿದಾಗ ನೀರು ಇಳಿಯತೊಡಗಿತ್ತು. ಒಡ್ಡಿನ ಬಾಗಿಲ ಸಂದಿನಿಂದ ನೀರು ಭೋರೆಂದು ಹೊರಬೀಳುತ್ತಿತ್ತು, ಅದಕ್ಕೆ ಅಡ್ಡಲಾಗಿ ಬಲೆ ಕಟ್ಟಿದ್ದರು. ಅತ್ತೆ ಸೀರೆ ಎತ್ತಿ ಕಚ್ಚೆ ಬಿಗಿದು ಮೊಣಕಾಲುದ್ದ ಕೆಸರಿಗೆ ಇಳಿದೇಬಿಟ್ಟರು. ಹಬ್ಬುವಾಡದ ಎರಡನೇ ಮಹಡಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ನನ್ನ ಅತ್ತೆ ಇವರೇನಾ ಎಂದು ಬೆರಗಾಯಿತು. “ಹಿಡಿ, ಹಿಡಿ, ಕೊಡ ಇತ್ಲಾಗೆ ಹಿಡಿಯೇ!” ಎಂದು ಕೂಗುತ್ತಾ ಬಲೆಯಿಂದ ಎತ್ತಿ ಎತ್ತಿ ಕೊಡಕ್ಕೆ ಹಾಕಿದರು. ಅಗಲ ಮೈಯ, ಮುತ್ತಿನಂಥ ಚುಕ್ಕೆಗಳ ಬೂದು ಮೀನು ಎಂಟು ಸಿಕ್ಕವು. ಒಂಬತ್ತನೆಯದಾಗಿ ಒಂದು ಕಪ್ಪಗಿನದು ಸಿಕ್ಕಾಗ ಇಬ್ಬರೂ ಒಡ್ಡಿನ ಮೇಲೆ ಮಕ್ಕಳ ಹಾಗೆ ಕುಣಿದಾಡಿದೆವು. ನಾನು ಅಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ!

ವಾಪಸ್ ಬಸ್ಸಿನಲ್ಲಿ ಕೊಡಗಳನ್ನು ತೊಡೆಯ ಮೇಲೆ ತಬ್ಬಿ ಹಿಡಿದು ಕೂತೆವು. ಬಿಣಗಾ ಘಟ್ಟದ ಪ್ರತಿ ತಿರುವಿಗೂ ಕೊಡ ತುಳುಕುತ್ತಿತ್ತು, ಪಕ್ಕದವರು ಕಾಲು ಎತ್ತಿಕೊಳ್ಳುತ್ತಿದ್ದರು. “ಅಮ್ಮಾ, ಜೀವ ಇರೂ ಮೀನಿಗೆ ಟಿಕೆಟ್ ಅದೆ” ಎಂದು ಕಂಡಕ್ಟರ್ ತಮಾಷೆ ಮಾಡಿದ. “ಅರ್ಧ ಟಿಕೆಟು ಕೊಡು, ಇನ್ನೂ ಸಣ್ಣವು” ಎಂದರು ಅತ್ತೆ. ಇಡೀ ಬಸ್ಸು ನಕ್ಕಿತು.

ಮನೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. “ರೂಮು ಚಲೋ ಇದೆ. ಒಂದನೇ ತಾರೀಕಿಗೆ ಖಾಲಿ ಆಗ್ತದಂತೆ. ಹ್ಞೂ ಅಂದು ಬಂದೆ” ಎಂದಳು. ಅಷ್ಟರಲ್ಲಿ ಕೊಡದಿಂದ ಒಂದು ಮೀನು ಚಂಗನೆ ಹಾರಿ ಅವಳ ಪಾದದ ಮೇಲೆ ಬಿತ್ತು. ಅಮ್ಮ ಅದನ್ನು ಗಬಕ್ಕನೆ ಹಿಡಿದು ಕೊಡಕ್ಕೆ ಹಾಕಿ, ಒಳಗೆ ಇಣುಕಿ, “ಅಗೋ ಬಾಯೆ, ಇವು ಮೇಲೆ ಬಂದು ಬಾಯಿ ಬಿಡ್ತಿವೆ! ತೊಟ್ಟಿ ಎಲ್ಲಿ?” ಎಂದಳು.

ತೊಟ್ಟಿ ಇತ್ತು, ಆಗ್ನೇಯದ ಆ ಗೋಡೆಗೆ ಅದನ್ನು ಇಡುವ ಜಾಗ ಇರಲಿಲ್ಲ. ಸ್ಟೂಲಿನ ಮೇಲೆ ಇಟ್ಟರೆ ಕಾಲು ನಡುಗಿತು. ಟೀವಿಯ ಮೇಜು ಸಣ್ಣದಾಯಿತು. ಎಲ್ಲರ ಕಣ್ಣೂ ಟ್ರಂಕಿನ ಮೇಲೆ ಹೋಯಿತು. ಸತ್ಯವಾಗಿ ಹೇಳುತ್ತೇನೆ, ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ನೀರು ತುಂಬಿದ ತೊಟ್ಟಿ ಮೇಲೆ ಕೂತರೆ ಆ ಮುಚ್ಚಳವನ್ನು ಮತ್ತೆ ತೆಗೆಯುವಂತಿಲ್ಲ ಎಂಬುದು ಅಮ್ಮನಿಗೂ ಗೊತ್ತಿತ್ತು. ಅವಳು ಒಂದು ಕ್ಷಣ ಕೊಡದ ಕಡೆ ನೋಡಿದಳು, ಒಂದು ಕ್ಷಣ ಟ್ರಂಕಿನ ಕಡೆ. ಆಮೇಲೆ ಕೀಲಿ ತೆಗೆದಳು.

“ಬಟ್ಟೆ ಹೊರಗೆ ತೆಗೀತೇನೆ. ಮಂಚದ ಮೇಲೆ ಇರಲಿ, ನಾಲ್ಕು ದಿನ.”

ಮಂಚದ ತನಕ ಹೋಗಲು ಬಿಟ್ಟರೆ ತಾನೇ? ಅತ್ತೆ ಕೆಸರುಗಾಲಲ್ಲೇ ಬಂದು ಸೀರೆಗಳ ಗಂಟನ್ನು ಎರಡೂ ಕೈಯಲ್ಲಿ ಬಾಚಿಕೊಂಡು ತಮ್ಮ ಕಪಾಟಿನ ಕಡೆ ನಡೆದರು. ಜಾಗ ಮಾಡಲು ಅವರು ತಮ್ಮ ಸೀರೆಗಳನ್ನು ಕೆಳಗೆ ಎಸೆಯುವ ಸದ್ದು ಒಳಗಿನಿಂದ ಕೇಳಿತು. ಅಮ್ಮ “ಬೇಡ ಬಾಯಿ, ಬೇಡ” ಎನ್ನುತ್ತಲೇ ಇದ್ದಳು.

ತೊಟ್ಟಿ ಟ್ರಂಕಿನ ಮೇಲೆ ಕೂತಿತು. ಗಜನಿಯ ನೀರು ತೊಟ್ಟಿಯ ತಳಕ್ಕಷ್ಟೇ ಸಾಕಾಯಿತು. ಉಳಿದದ್ದಕ್ಕೆ ಕಾಂಪೌಂಡಿನ ಬಾವಿಯ ನೀರು ಹಾಕಿ, ಅದಕ್ಕೆ ಸಾಣಿಕಟ್ಟೆಯ ಹರಳುಪ್ಪು ಬೆರೆಸಬೇಕಿತ್ತು. ಎಷ್ಟು ಬೆರೆಸಬೇಕು? ಅತ್ತೆ ಕೊಡದ ತಳದ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿದರು. ಅಮ್ಮನೂ ಮುಟ್ಟಿಸಿದಳು. ಆಮೇಲೆ ತೊಟ್ಟಿಯ ನೀರಿನ ರುಚಿ ನೋಡಿದರು. ಅತ್ತೆ ಒಂದು ಹಿಡಿ ಉಪ್ಪು ಹಾಕಲು ಹೋದಾಗ ಅಮ್ಮ ಅವರ ಕೈ ಹಿಡಿದಳು.

“ಸಾಕು. ಹೆಚ್ಚಾಗ್ತದೆ.”

“ಎಲ್ಲಿ ಹೆಚ್ಚು? ಇನ್ನೂ ಸಪ್ಪೆ ಅದೆ.”

“ಸಪ್ಪೆ ಅಲ್ಲ. ನಾನು ಕಾಳಿ ಹೊಳೆಯ ದಂಡೆಗೆ ಹುಟ್ಟಿದವಳು. ಇವು ಹೊಳೆಬಾಯಿಯ ಮೀನು, ಸಮುದ್ರದ್ದಲ್ಲ.”

“ಅಲ್ಲ ಅಕ್ಕೋರೆ, ಗಜನಿ ನನ್ನ ತವರ್ಮನೇದಾ, ನಿಮ್ಮ ತವರ್ಮನೇದಾ?”

“ತವರುಮನೆ ಯಾರದ್ದಾದ್ರೂ ಆಗಲಿ, ಮೀನು ಸತ್ತರೆ ನಿಮ್ಮ ಕೈಯಿಂದಲೇ!”

“ಸತ್ತರೆ ನೀವು ಕೈ ಹಿಡಿದದ್ದರಿಂದ! ಬಿಡಿ ಕೈ!”

ಅಮ್ಮ ಬಿಡಲಿಲ್ಲ. ಅತ್ತೆಯೂ ಬಿಡಲಿಲ್ಲ. ಉಪ್ಪಿನ ಹರಳು ನೆಲದ ತುಂಬ ಚೆಲ್ಲಿತು. ಅತ್ತೆಯ ದನಿ ಗಜನಿಯ ಒಡ್ಡಿನ ಮೇಲಿದ್ದಷ್ಟೇ ಎತ್ತರಕ್ಕೆ ಏರಿತ್ತು. ಅಮ್ಮ ತರಗತಿಯಲ್ಲಿ ಮಗ್ಗಿ ತಪ್ಪಿದವರನ್ನು ಗದರಿಸುವ ದನಿಗೆ ಬಂದಿದ್ದಳು. ನನ್ನ ಗಂಡ ಗಾಬರಿಯಾಗಿ ಒಳಗಿಂದ ಓಡಿ ಬಂದರು. ನಾನು ಅವರ ಬಾಯಿ ಮುಚ್ಚಿದೆ. ನನಗೆ ಮೈಯೆಲ್ಲ ಪುಳಕ! ಇಬ್ಬರೂ ಜಗಳ ಆಡುತ್ತಿದ್ದಾರೆ! ನಿಜವಾದ, ಚಂದದ, ಗಂಟಲು ಹರಿಯುವ ಜಗಳ! ಅಡುಗೆಮನೆಯಲ್ಲಿ ಇಷ್ಟು ದಿನ ಉಪ್ಪಿನ ಡಬ್ಬ ಮುಟ್ಟಲು ಹೆದರಿದ್ದವರು ಈಗ ಉಪ್ಪಿಗಾಗಿ ಕೈ ಕೈ ಹಿಡಿದುಕೊಂಡಿದ್ದರು. ಕೊನೆಗೆ ಅರ್ಧ ಹಿಡಿ ಬಿತ್ತು. ಇಬ್ಬರೂ ಮತ್ತೆ ಬೆರಳು ಅದ್ದಿ ರುಚಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. “ಹಾಂ, ಈಗ ಸರಿ” ಎಂದರು ಅತ್ತೆ. “ನಾನು ಹೇಳಿದ್ದು ಅಷ್ಟೇ” ಎಂದಳು ಅಮ್ಮ. ಮೀನುಗಳು ಒಂದೊಂದಾಗಿ ತೊಟ್ಟಿಗೆ ಇಳಿದವು. ಕಪ್ಪಗಿನದು ಮೂಲೆ ಹಿಡಿಯಿತು, ಉಳಿದವು ಸುತ್ತತೊಡಗಿದವು. ಆ ದಿನದ ಸಾರಿಗೆ ಅಮ್ಮ ಯಾರನ್ನೂ ಕೇಳದೆ ಉಪ್ಪು ಹಾಕಿದಳು. ಅತ್ತೆ ಉಂಡು, “ಸ್ವಲ್ಪ ಕಮ್ಮಿ” ಎಂದರು.

ಉಪ್ಪು ಬೆರೆಸಿದ ನೀರು ಹೆಚ್ಚು ದಿನ ಆಗುವುದಿಲ್ಲ, ಹೊಳೆಯ ನೀರೇ ಬೇಕು ಎಂದು ಇಬ್ಬರೂ ಆಮೇಲೆ ಒಪ್ಪಿಕೊಂಡರು. ಆಗಾಗ ಕ್ಯಾನು ಹಿಡಿದು ರಿಕ್ಷಾ ಮಾಡಿಕೊಂಡು ಕೋಡಿಬಾಗದ ದಂಡೆಗೆ ಹೋಗುವುದು ರೂಢಿಯಾಯಿತು. ಅದರಲ್ಲೂ ವಾದ. ನೀರು ಏರುವಾಗ ತರಬೇಕು ಎಂದು ಅತ್ತೆ, ಏರಿ ನಿಂತಾಗ ತರಬೇಕು ಎಂದು ಅಮ್ಮ. ಒಂದು ಸಲ ನಾನೂ ಹೋಗಿದ್ದೆ. ಆಚೆ ದಂಡೆಯ ದೇವಬಾಗದ ಗಾಳಿಮರಗಳನ್ನು ನೋಡುತ್ತಾ ಇಬ್ಬರೂ ಕಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ಅಮ್ಮ ಅಪ್ಪನ ಸುದ್ದಿ ಹೇಳುತ್ತಿದ್ದಳು. ಅಪ್ಪನಿಗೆ ಈಜು ಬರುತ್ತಿರಲಿಲ್ಲ ಎಂಬುದು ನನಗೇ ಆ ದಿನದ ತನಕ ಗೊತ್ತಿರಲಿಲ್ಲ. ಅತ್ತೆ “ಅಯ್ಯ ಮಾರಾಯ್ತಿ!” ಎಂದು ಅವಳ ತೊಡೆಗೆ ಹೊಡೆದು ನಗುತ್ತಿದ್ದರು. ಅಕ್ಕೋರು ಎನ್ನುವುದನ್ನು ಅವರು ಯಾವಾಗ ಬಿಟ್ಟರೋ ನಾನು ಗಮನಿಸಿರಲಿಲ್ಲ.

ಒಂದನೇ ತಾರೀಕು ಬಂತು. ಗೆಳತಿಯ ಫೋನೂ ಬಂತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಕಿವಿಗೊಟ್ಟು ನಿಂತೆ. “ಈಗ ಹ್ಯಾಗೆ ಬರೂದು? ಟ್ರಂಕಿನ ಮೇಲೆ ನೀರಿದೆ” ಎಂದಳು ಅಮ್ಮ. ಆ ಕಡೆಯವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. “ತೊಟ್ಟಿಗೆ ಬೇರೆ ಜಾಗ ಆಗಲಿ, ಆಗ ಬೇರೆ ರೂಮು ನೋಡಿದರಾಯ್ತು” ಎಂದು ಫೋನು ಇಟ್ಟಳು. ನನಗೆ ಅರ್ಧ ಸಂತೋಷವಾಯಿತು, ಅರ್ಧ ಭಯ ಉಳಿಯಿತು. ತೊಟ್ಟಿಗೆ ಬೇರೆ ಜಾಗ ಆಗದಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ನನ್ನ ಗಂಡ ಕಬ್ಬಿಣದ ಸ್ಟ್ಯಾಂಡು ಮಾಡಿಸೋಣವೇ ಎಂದು ಕೇಳಿದಾಗ ನಾನು ಅವರ ಕಡೆ ನೋಡಿದ ನೋಟಕ್ಕೆ ಅವರು ಮತ್ತೆ ಆ ಮಾತು ಎತ್ತಲಿಲ್ಲ. ಪುಸ್ತಕದಲ್ಲಿ ಹೇಳಿದ್ದೆಲ್ಲ ನಿಜವೆಂದು ಬಂದವರಿಗೆಲ್ಲ ಸಾರಿದೆ. ಆಗ್ನೇಯದ ಮಹಿಮೆ ಎಂದು ಕೆಳಗಿನ ಮನೆಯವರಿಗೂ ಬೋಧಿಸಿದೆ. ಅವರು ಕಪ್ಪೆಯನ್ನು ಕಪಾಟಿಗೆ ಸೇರಿಸಿ ಮೀನಿನ ತೊಟ್ಟಿ ಹುಡುಕತೊಡಗಿದರು.

ಬೇಸಿಗೆಯಲ್ಲಿ ಮೈದುನ ರಜೆಗೆ ಬಂದ. ಚೀಲ ಇಳಿಸುವ ಮೊದಲೇ ಅವನನ್ನು ತೊಟ್ಟಿಯ ಎದುರು ನಿಲ್ಲಿಸಿ ಇಡೀ ಕಥೆ ಹೇಳಿದೆ. ಟ್ರಂಕಿನ ಅಂಚಿನಲ್ಲಿ ತೊಟ್ಟಿಯ ಪಕ್ಕಕ್ಕೆ ಇಟ್ಟಿದ್ದ ದಿಕ್ಸೂಚಿಯನ್ನು ಅವನು ಕೈಗೆತ್ತಿಕೊಂಡ. ಹಾಗೇ ಹಿಡಿದುಕೊಂಡು ಬಾಲ್ಕನಿಗೆ ನಡೆದ. ಟ್ರಂಕಿನಿಂದ ದೂರವಾದಂತೆ ಸೂಜಿ ಮೆಲ್ಲಗೆ ಹೊರಳಿ ಬೇರೆ ಕಡೆ ನಿಂತದ್ದನ್ನು ನಾನೂ ನೋಡಿದೆ. ಅವನು ನಗತೊಡಗಿದ.

“ಅತ್ತಿಗೆ, ಕಬ್ಬಿಣದ ಪೆಟ್ಟಿಗೆ ಮೇಲೆ ಇಟ್ಟು ದಿಕ್ಕು ನೋಡಿದ್ರಾ? ಸೂಜಿ ಪೆಟ್ಟಿಗೆಯನ್ನೇ ನೋಡ್ತದೆ! ನೀವು ಹಡಗು ನಡೆಸಿದ್ರೆ ಮುಂಬಯಿಗೆ ಹೊರಟವರು ಮಸ್ಕತ್ತಿಗೆ ಮುಟ್ತಿದ್ರು. ಇದು ಆಗ್ನೇಯ ಅಲ್ಲ, ದಕ್ಷಿಣ.”

ಪುಸ್ತಕ ತೆಗೆದೆವು. ದಕ್ಷಿಣ ಬೆಂಕಿಯ ದಿಕ್ಕು, ಅಲ್ಲಿ ನೀರು ಇಡಲೇಬಾರದು ಎಂದು ದಪ್ಪ ಅಕ್ಷರದಲ್ಲಿತ್ತು. ಸಮುದ್ರ ಇದ್ದಲ್ಲೇ ಪಶ್ಚಿಮ ಇತ್ತು, ಅತ್ತೆ ಮೊದಲ ದಿನವೇ ಅದನ್ನು ಹೇಳಿದ್ದರು. ನನ್ನ ಮುಖ ಬಿಸಿಯಾಯಿತು. “ಅದಕ್ಕೆಂತ ತಲೆಬಿಸಿ? ಈಗಲೇ ಸರಿ ಮಾಡುವಾ” ಎಂದು ಮೈದುನ ಅಂಗಿಯ ತೋಳು ಮಡಚಿದ. ಸರಿಯಾದ ಆಗ್ನೇಯ ಊಟದ ಮೇಜಿನ ಹಿಂದಿತ್ತು, ಅಲ್ಲಿ ಗೋಡೆಯಲ್ಲೇ ಕಲ್ಲಿನ ಕಟ್ಟೆಯೂ ಇತ್ತು. ಅವನು ಬಕೆಟ್ಟು ತಂದ, ಮಗ್ಗು ತಂದ, ತೊಟ್ಟಿಯ ನೀರು ಖಾಲಿ ಮಾಡಲು ಬಗ್ಗಿದ.

ನಾನು ತಡೆಯಬೇಕು, ಬೇಡ ಎನ್ನಬೇಕು. ಆದರೆ ಅಷ್ಟು ತಿಂಗಳು ದಿಕ್ಕು ದಿಕ್ಕು ಎಂದು ಕೂಗಿದವಳು ನಾನೇ. ಯಾವ ಬಾಯಿಂದ ಬೇಡ ಎನ್ನಲಿ? ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತೊಟ್ಟಿಗೆ ಬೇರೆ ಜಾಗ ಆಗಿತ್ತು. ಟ್ರಂಕಿನ ಮೇಲಿನ ಭಾರ ಇನ್ನೇನು ಇಳಿಯಲಿತ್ತು. ಅವಳು ಹೊರಡಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ.

ಅಡುಗೆಮನೆಯಿಂದ ಬಂದ ಅತ್ತೆ ಕಣ್ಣಲ್ಲೇ ಎಲ್ಲ ಅರ್ಥ ಮಾಡಿಕೊಂಡರು. “ಬೆಂಕಿ ಮೇಲೆ ನೀರಿಟ್ಟರೆ ಎಂತ ಆಗ್ತದೋ? ಅನ್ನ ಆಗ್ತದೆ! ಇಷ್ಟೂ ದಿನ ಉಂಡದ್ದು ಎಂತ ಮತ್ತೆ?” ಎಂದರು. ಮೈದುನ ನಕ್ಕು, ಮಗ್ಗನ್ನು ನೀರಿಗೆ ಅದ್ದಿದ.

“ಆ ಮಗ್ಗು ಕೆಳಗಿಡು!”

ಅದು ಅಮ್ಮನ ದನಿ. ಫ್ಯಾನು ಹಾಕಲಾ ಎಂದು ಕೇಳುತ್ತಿದ್ದ ದನಿಯಲ್ಲ, ಶಾಲೆಯ ಅಂಗಳದ ಆ ತುದಿಗೆ ಕೇಳಿಸುತ್ತಿದ್ದ ಅಕ್ಕೋರ ದನಿ. ಹಡಗಿನಲ್ಲಿ ಹತ್ತಾರು ಬಂದರು ಸುತ್ತಿದ ಮೈದುನ ಸಣ್ಣ ಹುಡುಗನ ಹಾಗೆ ಮಗ್ಗನ್ನು ನೆಲಕ್ಕೆ ಇಟ್ಟು ಕೈ ಹಿಂದೆ ಕಟ್ಟಿಕೊಂಡ.

“ಇದು ನನ್ನ ಟ್ರಂಕು” ಎಂದಳು ಅಮ್ಮ. “ಇದು ಇಲ್ಲಿಂದ ಅಲ್ಲಾಡೂದಿಲ್ಲ. ದಿಕ್ಕು ಬೇಕಾದರೆ ಅಲ್ಲಾಡಲಿ.”

ನನಗೆ ಏನಾಯಿತೋ, ಓಡಿ ಹೋಗಿ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ಅಮ್ಮ “ಎಂತ ಹುಚ್ಚು ಇದು, ಬಾಯೆ” ಎಂದು ನನ್ನ ತಲೆ ಸವರಿದಳು. ಆಮೇಲೆ ಸೊಂಟದಿಂದ ಕೀಲಿ ತೆಗೆದು, ಮೀನಿಗೆ ಹಾಕುವ ತಿಂಡಿಯ ಡಬ್ಬದೊಳಗೆ ಹಾಕಿ, ಮುಚ್ಚಳ ಮುಚ್ಚಿದಳು. ನಾನು ದಿಕ್ಸೂಚಿಯನ್ನು ಮೈದುನನ ಕೈಯಿಂದ ಕಿತ್ತುಕೊಂಡು ಟ್ರಂಕಿನ ಅಂಚಿನಲ್ಲಿ ಅದರ ಹಳೆಯ ಜಾಗಕ್ಕೇ ಇಟ್ಟೆ. ಸೂಜಿ ಹೊರಳಿ ಮತ್ತೆ ಟ್ರಂಕಿನ ಕಡೆ ನಿಂತಿತು.

ಅಷ್ಟರಲ್ಲಿ ಅತ್ತೆ ಅಡುಗೆಮನೆಗೆ ಹೋಗಿಯಾಗಿತ್ತು. “ಹೋಯ್, ಸಾರು ಕುದೀತಾ ಅದೆ. ಉಪ್ಪು ಯಾರು ಹಾಕೂದು?” ಎಂದು ಅಲ್ಲಿಂದ ಕೂಗಿದರು.

“ನೀವೇ ಹಾಕಿ” ಎಂದು ಅಮ್ಮ ಇಲ್ಲಿಂದಲೇ ಕೂಗಿದಳು. “ಕಮ್ಮಿ ಆದ್ರೆ ಬೈತೇನೆ.”